ಬಸಿರಿನಲ್ಲಿ ವಿಟಮಿನ್ ಡಿ, ದಿನ ತುಂಬುವ ಮೊದಲೇ ಹೆರಿಗೆಯ ಭಯ: ಏನು ಮಾಡಬೇಕು, ಹೇಗೆ ಮಾಡಬೇಕು

ನನ್ನ ತಂಗಿಗೆ ಐದನೇ ತಿಂಗಳು ನಡೆಯುತ್ತಿತ್ತು. ಒಂದು ಬೆಳಿಗ್ಗೆ ಫೋನ್ ಮಾಡಿದಳು. ರಕ್ತದ ರಿಪೋರ್ಟಿನಲ್ಲಿ ವಿಟಮಿನ್ ಡಿ 11 ಬಂದಿದೆ, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಕೊರತೆ ಎಂದು ಬರೆದಿದೆ. ಅವಳ ಮೊದಲ ಮಗು 34 ವಾರಕ್ಕೇ ಹುಟ್ಟಿತ್ತು. ರಾತ್ರಿಯೆಲ್ಲ ಮೊಬೈಲ್ ನೋಡಿ ಕೂತಿದ್ದಳು. "ಡಿ ಕಡಿಮೆ ಇದ್ರೆ ಮಗು ಬೇಗ ಹುಟ್ಟುತ್ತಂತೆ. ಹೌದಾ ಅಕ್ಕಾ?"

ಆಮೇಲೆ ನಾಲ್ಕು ತಿಂಗಳು ಅವಳ ಜೊತೆ ಕೂತು ನಾನು ಓದಿದ್ದು, ಅವಳ ಡಾಕ್ಟರನ್ನು ಕೇಳಿದ್ದು, ನಾವಿಬ್ಬರೂ ತಪ್ಪು ಮಾಡಿ ಕಲಿತದ್ದು ಎಲ್ಲ ಇಲ್ಲಿದೆ. ನಾನು ಡಾಕ್ಟರ್ ಅಲ್ಲ. ಇದನ್ನು ಓದಿ ಸುಮ್ನೆ ಮಾತ್ರೆ ಶುರು ಮಾಡಬೇಡಿ. ಇದನ್ನು ಓದಿಕೊಂಡು ಹೋಗಿ ನಿಮ್ಮ ಡಾಕ್ಟರ ಹತ್ತಿರ ಸರಿಯಾದ ಪ್ರಶ್ನೆ ಕೇಳಿ.

ಮೊದಲು: ಡಿ ಕಡಿಮೆಯಾದರೆ ಮಗು ಬೇಗ ಹುಟ್ಟುತ್ತಾ?

37 ವಾರ ತುಂಬುವ ಮೊದಲು ಆಗುವ ಹೆರಿಗೆಯನ್ನು ಅವಧಿಪೂರ್ವ ಹೆರಿಗೆ ಎನ್ನುತ್ತಾರೆ. ಭಾರತದಲ್ಲಿ 2020ರಲ್ಲಿ ಇಂಥ ಮಕ್ಕಳು 30 ಲಕ್ಷ. ಬೇರೆ ಯಾವ ದೇಶದಲ್ಲೂ ಇಷ್ಟಿಲ್ಲ. ಹಾಗಾಗಿ ತಂಗಿಯ ಭಯ ಸುಳ್ಳು ಭಯ ಆಗಿರಲಿಲ್ಲ.

ವಿಟಮಿನ್ ಡಿ ಇದರಲ್ಲಿ ಬಂದದ್ದು ಹೇಗೆ? ನಾವು ಅದನ್ನು ಮೂಳೆಯ ವಿಟಮಿನ್ ಎಂದುಕೊಂಡಿದ್ದೇವೆ. ಆದರೆ ಬಸಿರಿನಲ್ಲಿ ಅದರ ಕೆಲಸ ಜಾಸ್ತಿ. ತಾಯಿಯ ರಕ್ತದಲ್ಲಿ ಕೆಲಸ ಮಾಡುವ ರೂಪದ ಡಿ ಎರಡು ಮೂರು ಪಟ್ಟು ಏರುತ್ತದೆ. ಆ ರೂಪವನ್ನು ಮಾಮೂಲಿಯಾಗಿ ಕಿಡ್ನಿ ತಯಾರಿಸುತ್ತದೆ, ಬಸಿರಿನಲ್ಲಿ ಮಾಸು ಕೂಡ ತಯಾರಿಸುತ್ತದೆ. ಅದು ಸೋಂಕಿನ ವಿರುದ್ಧ ಹೋರಾಡಲು ನೆರವಾಗುತ್ತದೆ, ಉರಿಯೂತ ಇಳಿಸುತ್ತದೆ. ಬೇಗ ನೋವು ಶುರುವಾಗಲು ಸೋಂಕು ಮತ್ತು ಉರಿಯೂತ ದೊಡ್ಡ ಕಾರಣಗಳು. ಸಂಬಂಧ ಇರಬಹುದು ಎಂಬ ಯೋಚನೆ ಬಂದದ್ದು ಇಲ್ಲಿಂದ.

ಎಲ್ಲರೂ ಹಂಚಿಕೊಳ್ಳುವ ಅಧ್ಯಯನ ಅಮೆರಿಕದ ಸೌತ್ ಕೆರೊಲಿನಾದ್ದು. ಚಾರ್ಲ್ಸ್‌ಟನ್ ನಗರದ ವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ಸಾವಿರಕ್ಕೂ ಹೆಚ್ಚು ಬಸಿರುಗಳನ್ನು ಗಮನಿಸಿ 2017ರಲ್ಲಿ ಪ್ರಕಟಿಸಿದರು. ಒಂದು ಮಿಲಿಲೀಟರ್ ರಕ್ತದಲ್ಲಿ ಡಿ 40 ನ್ಯಾನೋಗ್ರಾಂ ಅಥವಾ ಹೆಚ್ಚಿದ್ದವರಲ್ಲಿ, 20ಕ್ಕಿಂತ ಕಡಿಮೆ ಇದ್ದವರಿಗಿಂತ, ಬೇಗ ಹೆರಿಗೆಯಾಗುವ ಸಾಧ್ಯತೆ ಶೇಕಡ 60ರಷ್ಟು ಕಡಿಮೆ ಕಂಡಿತು. ತಂಗಿ ರಾತ್ರಿ ಓದಿದ್ದು ಇದನ್ನೇ.

ಆದರೆ ಇದು ಗಮನಿಸಿದ ಅಧ್ಯಯನ, ಚೀಟಿ ಎತ್ತಿದ ಹಾಗೆ ಗುಂಪು ಮಾಡಿ ಒಬ್ಬರಿಗೆ ಮಾತ್ರೆ, ಇನ್ನೊಬ್ಬರಿಗೆ ಖಾಲಿ ಮಾತ್ರೆ ಕೊಟ್ಟು ನೋಡಿದ್ದಲ್ಲ. ಡಿ ಚೆನ್ನಾಗಿ ಇರುವವರು ಸಾಮಾನ್ಯವಾಗಿ ಚೆನ್ನಾಗಿ ಉಣ್ಣುವವರು, ಮಾತ್ರೆ ಬಿಡದೆ ನುಂಗುವವರು, ಹೊರಗೆ ಓಡಾಡುವವರು. ಒಳ್ಳೆಯದಾಗಿದ್ದು ಡಿಯಿಂದಲೋ, ಉಳಿದದ್ದರಿಂದಲೋ ಹೇಳುವುದು ಕಷ್ಟ, ಅಲ್ವಾ?

ಚೀಟಿ ಎತ್ತುವ ರೀತಿಯ ದೊಡ್ಡ ಪ್ರಯೋಗ ನಮ್ಮ ನೆರೆಯ ಢಾಕಾದಲ್ಲಿ ನಡೆಯಿತು. 1,300 ಬಸುರಿಯರು, ಬಹಳ ಜನರಿಗೆ ಡಿ ಕೊರತೆ. ವಾರಕ್ಕೆ 4,200ರಿಂದ 28,000 ಯೂನಿಟ್ ತನಕ ಬೇರೆ ಬೇರೆ ಪ್ರಮಾಣ ಕೊಟ್ಟರು. 2018ರಲ್ಲಿ ಫಲಿತಾಂಶ ಬಂತು. ರಕ್ತದಲ್ಲಿ ಡಿ ಏರಿತು. ಮಗುವಿನ ಬೆಳವಣಿಗೆಯಲ್ಲಾಗಲಿ, ಹುಟ್ಟುವ ಹೊತ್ತಿನಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಹಲವು ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿ ಕೊಟ್ಟ 2019ರ ವರದಿಯೂ ಡಿ ಮಾತ್ರೆಯಿಂದ ಅವಧಿಪೂರ್ವ ಹೆರಿಗೆಯಲ್ಲಿ ದೊಡ್ಡ ಬದಲಾವಣೆ ಇರಲಿಕ್ಕಿಲ್ಲ ಎಂದಿತು.

ಹಾಗಾಗಿ ಸಂಸ್ಥೆಗಳ ಮಾತೂ ಒಂದೇ ಥರ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೂ, 2020ರಲ್ಲೂ ಎಲ್ಲ ಬಸುರಿಯರಿಗೂ ಡಿ ಮಾತ್ರೆ ಕೊಡಬೇಕಿಲ್ಲ ಎಂದಿದೆ. ಹಾರ್ಮೋನ್ ತಜ್ಞರ ಸಂಘವಾದ ಅಮೆರಿಕದ ಎಂಡೋಕ್ರೈನ್ ಸೊಸೈಟಿ 2024ರಲ್ಲಿ, ಬಿಪಿ ಏರುವುದು ಮತ್ತು ಬೇಗ ಹೆರಿಗೆಯಾಗುವುದು ತಗ್ಗಬಹುದು ಎಂಬ ಕಾರಣಕ್ಕೆ ಬಸುರಿಯರು ಡಿ ತೆಗೆದುಕೊಳ್ಳಲಿ ಎಂದು ಸಲಹೆ ಕೊಟ್ಟಿದೆ. ಬ್ರಿಟನ್ನಿನಲ್ಲಿ ಬಸುರಿಯರೆಲ್ಲರಿಗೂ ದಿನಕ್ಕೆ 400 ಯೂನಿಟ್ ಹೇಳುತ್ತಾರೆ.

ಇಷ್ಟೆಲ್ಲ ಓದಿ ನಾನು ತಂಗಿಗೆ ಹೇಳಿದ್ದು ಇಷ್ಟು. ಡಿ ಕಡಿಮೆ ಇದೆ ಎಂದ ಮಾತ್ರಕ್ಕೆ ಮಗು ಬೇಗ ಹುಟ್ಟುವುದಿಲ್ಲ. ಡಿ ಏರಿಸಿದ ಮಾತ್ರಕ್ಕೆ ಬೇಗ ಹುಟ್ಟುವುದು ನಿಲ್ಲುತ್ತದೆ ಎಂಬ ಖಾತ್ರಿಯೂ ಇಲ್ಲ. ಆದರೂ ಕೊರತೆ ತುಂಬಿಸಲೇಬೇಕು. ನಿನ್ನ ಮೂಳೆಗೆ ಬೇಕು, ಮಗುವಿನ ಮೂಳೆಗೆ ಬೇಕು. ಹುಟ್ಟುವಾಗ ಮಗುವಿನ ರಕ್ತದಲ್ಲಿರುವ ಡಿ ಎಲ್ಲ ತಾಯಿಯಿಂದಲೇ ಬಂದದ್ದು. ತಾಯಿಯಲ್ಲಿ ಇಲ್ಲದಿದ್ದರೆ ಮಗುವಿಗೂ ಇಲ್ಲ.

ಹೆಜ್ಜೆ 1: ನಿಮಗೆ ಟೆಸ್ಟ್ ಬೇಕೇ ಎಂದು ಕೇಳಿ

ಎಲ್ಲರಿಗೂ ಬೇಕಿಲ್ಲ. ದುಡ್ಡು ಕೊಟ್ಟು ಟೆಸ್ಟ್ ಮಾಡಿಸುವ ಬದಲು ದಿನದ ಸಾಮಾನ್ಯ ಪ್ರಮಾಣ ತೆಗೆದುಕೊಂಡರೆ ಬಹಳ ಜನರಿಗೆ ಸಾಕು. ಆದರೆ ಕೆಲವರು ಡಾಕ್ಟರ ಹತ್ತಿರ ಈ ಮಾತು ಎತ್ತಲೇಬೇಕು: ಮನೆಯಿಂದ ಹೊರಗೆ ಬರುವುದೇ ಅಪರೂಪವಾದವರು, ಮೈ ಪೂರ್ತಿ ಮುಚ್ಚುವ ಬಟ್ಟೆ ಹಾಕುವವರು, ತೂಕ ಜಾಸ್ತಿ ಇರುವವರು, ಫಿಟ್ಸ್ ಅಥವಾ ಟಿಬಿ ಮಾತ್ರೆ ನುಂಗುತ್ತಿರುವವರು, ಲಿವರ್, ಕಿಡ್ನಿ ಅಥವಾ ಕರುಳಿನ ತೊಂದರೆ ಇರುವವರು, ತೂಕ ಇಳಿಸುವ ಆಪರೇಷನ್ ಆದವರು, ಸೊಂಟ ತೊಡೆ ನೋವಿನಿಂದ ಎದ್ದು ಕೂರಲು ಕಷ್ಟಪಡುವವರು.

"ನಮ್ಮೂರಲ್ಲಿ ಬಿಸಿಲಿಗೇನು ಬರ" ಎನ್ನಬೇಡಿ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 559 ಬಸುರಿಯರ ರಕ್ತ ನೋಡಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇಕಡ 66 ಜನರಿಗೆ ಡಿ 20ಕ್ಕಿಂತ ಕಡಿಮೆ ಇತ್ತು. ಲಖನೌದಲ್ಲಿ 2005ರ ಅಧ್ಯಯನದಲ್ಲಿ 22.5ಕ್ಕಿಂತ ಕಡಿಮೆ ಇದ್ದವರು ಶೇಕಡ 84. ಬಿಸಿಲು ಊರಿಗೆ ಬೀಳುತ್ತದೆ, ನಮ್ಮ ಮೈಗೆ ಬೀಳುವುದಿಲ್ಲ. ಮೈಸೂರಿನ ಅದೇ ಅಧ್ಯಯನದಲ್ಲಿ ಡಿ ಕಡಿಮೆ ಇದ್ದ ತಾಯಂದಿರ ಮಕ್ಕಳು ಹುಟ್ಟುವಾಗ ಸಣ್ಣಗೇನೂ ಇರಲಿಲ್ಲ. ತಂಗಿಗೆ ಆ ಸಾಲನ್ನು ಎರಡು ಸಲ ಓದಿ ಹೇಳಿದ್ದೆ.

ಹೆಜ್ಜೆ 2: ರಿಪೋರ್ಟ್ ಸರಿಯಾಗಿ ಓದಿ

ಕೇಳಬೇಕಾದ ಟೆಸ್ಟ್ 25 ಹೈಡ್ರಾಕ್ಸಿ ವಿಟಮಿನ್ ಡಿ. 1,25 ಡೈಹೈಡ್ರಾಕ್ಸಿ ಎಂಬ ಇನ್ನೊಂದಿದೆ, ಅದು ನಮಗೆ ಬೇಕಾದ್ದಲ್ಲ. ಖಾಲಿ ಹೊಟ್ಟೆಯಲ್ಲಿ ಹೋಗಬೇಕಿಲ್ಲ. ಕೂದಲು ಉದುರುತ್ತದೆ ಎಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಲ್ಯಾಬಿನವರಿಗೆ ಮೊದಲೇ ಹೇಳಿ. ಕೆಲವು ಯಂತ್ರಗಳಲ್ಲಿ ಅದರಿಂದ ಅಂಕಿ ತಪ್ಪಾಗಿ ಬರುತ್ತದೆ.

ಆಮೇಲೆ ಅಂಕಿಯ ಪಕ್ಕದ ಅಳತೆ ನೋಡಿ. ನಮ್ಮಲ್ಲಿ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ ಇಷ್ಟು ನ್ಯಾನೋಗ್ರಾಂ ಎಂದು ಕೊಡುತ್ತಾರೆ. ಬ್ರಿಟನ್, ಆಸ್ಟ್ರೇಲಿಯಾದಲ್ಲಿರುವ ಕನ್ನಡದ ಹೆಣ್ಣುಮಕ್ಕಳಿಗೆ ಲೀಟರಿಗೆ ಇಷ್ಟು ನ್ಯಾನೋಮೋಲ್ ಎಂದು ಬರುತ್ತದೆ. ನಮ್ಮ ಅಂಕಿಯನ್ನು 2.5ರಿಂದ ಗುಣಿಸಿದರೆ ಅವರ ಅಂಕಿ. ನಮ್ಮ 20 ಅಲ್ಲಿ 50. ಲಂಡನ್ನಿನ ಅತ್ತಿಗೆಗೆ 48, ನನಗೆ 19 ಎಂದು ಅಳುವುದು ಬೇಡ. ಎರಡೂ ಹತ್ತಿರ ಹತ್ತಿರ ಒಂದೇ.

ಎಷ್ಟಿದ್ದರೆ ಸಾಕು? ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2011ರಲ್ಲಿ 20 ಇದ್ದರೆ ಹೆಚ್ಚಿನವರಿಗೆ ಸಾಕು ಎಂದಿತು. ಅದೇ ವರ್ಷ ಎಂಡೋಕ್ರೈನ್ ಸೊಸೈಟಿ 30 ಬೇಕು ಎಂದಿತು, 2024ರಲ್ಲಿ ಆ ಗುರಿಯನ್ನು ಕೈಬಿಟ್ಟಿತು. ಲ್ಯಾಬಿನ ರಿಪೋರ್ಟುಗಳಲ್ಲಿ ಮಾತ್ರ ಈಗಲೂ 30ರ ಕೆಳಗೆ ಇದ್ದರೆ ಕೆಂಪು ಗುರುತು ಬೀಳುತ್ತದೆ. 24 ಬಂದವರು ಹೆದರಬೇಕಿಲ್ಲ. 12ಕ್ಕಿಂತ ಕಡಿಮೆ ಇದ್ದರೆ ತಡ ಮಾಡಬೇಡಿ, ಅದೇ ವಾರ ಡಾಕ್ಟರಿಗೆ ತೋರಿಸಿ.

ಹೆಜ್ಜೆ 3: ಈಗಾಗಲೇ ಎಷ್ಟು ಡಿ ಹೋಗುತ್ತಿದೆ, ಕೂಡಿಸಿ

ನಾವು ಎಡವಿದ್ದು ಇಲ್ಲಿ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ತಂದು ಊಟದ ಮೇಜಿನ ಮೇಲೆ ಸಾಲಾಗಿ ಇಡಿ. ಪ್ರತಿ ಪಟ್ಟಿಯ ಹಿಂದೆ ವಿಟಮಿನ್ ಡಿ3 ಅಥವಾ ಕೋಲೆಕ್ಯಾಲ್ಸಿಫೆರಾಲ್ ಎಂದು ಹುಡುಕಿ. ಮುಂದೆ ಇರುವ ಐಯು ಎಂಬ ಅಂಕಿಯೇ ಯೂನಿಟ್. ಮೈಕ್ರೋಗ್ರಾಂನಲ್ಲಿದ್ದರೆ 40ರಿಂದ ಗುಣಿಸಿ. 10 ಮೈಕ್ರೋಗ್ರಾಂ ಎಂದರೆ 400 ಯೂನಿಟ್.

ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕ್ಯಾಲ್ಸಿಯಂ ಮಾತ್ರೆಯಲ್ಲಿ 500 ಮಿಲಿಗ್ರಾಂ ಕ್ಯಾಲ್ಸಿಯಂ ಜೊತೆ 250 ಯೂನಿಟ್ ಡಿ3 ಇರುತ್ತದೆ. ನಾಲ್ಕನೇ ತಿಂಗಳಿನಿಂದ ದಿನಕ್ಕೆ ಎರಡು, ಹೆರಿಗೆಯಾದ ಮೇಲೂ ಆರು ತಿಂಗಳು. ಅಂದರೆ ದಿನಕ್ಕೆ 500 ಯೂನಿಟ್ ಅದರಿಂದಲೇ ಬಂತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ದೊಡ್ಡವರಿಗೆ ದಿನಕ್ಕೆ 600 ಯೂನಿಟ್ ಎಂದಿದೆ. ಪುಕ್ಕಟೆ ಸಿಗುವ ಎರಡು ಮಾತ್ರೆ ಬಿಡದೆ ನುಂಗಿದರೆ ಗುರಿಯ ಹತ್ತಿರ ಬಂದಾಯಿತು! ಎಷ್ಟು ಜನ ಅದನ್ನು ತಂದು ಕಪಾಟಿನಲ್ಲಿ ಇಟ್ಟು ಮರೆಯುತ್ತಾರೆ ಎಂದು ನೆನೆದರೆ ಬೇಜಾರಾಗುತ್ತದೆ.

ತಂಗಿಗೆ ಕ್ಯಾಲ್ಸಿಯಂನಿಂದ 500, ಮಲ್ಟಿವಿಟಮಿನ್‌ನಿಂದ 400. ಒಟ್ಟು 900. ಇದರ ಮೇಲೆ ಡಾಕ್ಟರ್ ವಾರಕ್ಕೊಂದು 60,000 ಯೂನಿಟ್ ಗುಳಿಗೆ ಬರೆದರು, ಎಂಟು ವಾರಕ್ಕೆ ಮಾತ್ರ. ಔಷಧದ ಅಂಗಡಿಯಲ್ಲಿ ಪಟ್ಟಿಯ ಮೇಲೆ ದಿನಕ್ಕೊಂದು ಎಂದು ಪೆನ್ನಿನಲ್ಲಿ ಗೀಚಿ ಕೊಟ್ಟರು. ಮೂರು ದಿನ ಮೂರು ನುಂಗಿದಳು. ನಾಲ್ಕನೇ ದಿನ ನಾನು ಚೀಟಿ ನೋಡಿ ಗಾಬರಿಯಾಗಿ ಡಾಕ್ಟರಿಗೆ ಫೋನ್ ಮಾಡಿಸಿದೆ. ಅವರು ಮೂರು ವಾರ ಏನೂ ಬೇಡ ಎಂದು ನಿಲ್ಲಿಸಿದರು. ತೊಂದರೆ ಆಗಲಿಲ್ಲ. ತಿಂಗಳುಗಟ್ಟಲೆ ಹಾಗೇ ನುಂಗಿದ್ದರೆ?

ಡಿ ನೀರಿನಲ್ಲಿ ಕರಗಿ ಹೋಗುವ ವಿಟಮಿನ್ ಅಲ್ಲ, ಕೊಬ್ಬಿನಲ್ಲಿ ಉಳಿಯುತ್ತದೆ. ಜಾಸ್ತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ವಾಂತಿ, ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಮಲಬದ್ಧತೆ, ಸುಸ್ತು, ಮಂಕು ಬರುತ್ತವೆ. ಇದರಲ್ಲಿ ಅರ್ಧ ಬಸಿರಿನಲ್ಲಿ ಮಾಮೂಲಿ ಅನ್ನಿಸುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಹಾಗಾಗಿ ಗುಳಿಗೆಯ ಪಟ್ಟಿಯ ಮೇಲೆ ನೀವೇ ದೊಡ್ಡದಾಗಿ ಬರೆಯಿರಿ: ವಾರಕ್ಕೆ ಒಂದು, ಭಾನುವಾರ. ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಹೆಜ್ಜೆ 4: ಪ್ರಮಾಣವನ್ನು ಡಾಕ್ಟರ ಜೊತೆ ಕೂತು ನಿಗದಿ ಮಾಡಿ

ಕೂಡಿಸಿದ ಲೆಕ್ಕ ಒಂದು ಕಾಗದದಲ್ಲಿ ಬರೆದು ತೋರಿಸಿ. ದಿನಕ್ಕೆ 4,000 ಯೂನಿಟ್ ಮೇಲಿನ ಮಿತಿ. ಡಾಕ್ಟರ್ ನೋಡಿಕೊಳ್ಳದೆ ಅದನ್ನು ದಾಟಬೇಡಿ. ಇದೇ 4,000 ಯೂನಿಟ್ಟನ್ನು ಚಾರ್ಲ್ಸ್‌ಟನ್ನಿನಲ್ಲೇ ಬಸುರಿಯರಿಗೆ ದಿನವೂ ಕೊಟ್ಟು ನೋಡಿದ ಪ್ರಯೋಗ 2011ರಲ್ಲಿ ಪ್ರಕಟವಾಯಿತು, ಅದರಿಂದ ಹಾನಿ ಕಾಣಲಿಲ್ಲ.

ವಾರದ 60,000 ಎಂದರೆ ದಿನಕ್ಕೆ ಸುಮಾರು 8,500 ಆಯಿತು. ಕೊರತೆ ತುಂಬಲು ಕೆಲವೇ ವಾರಕ್ಕೆ ಅದನ್ನು ಬರೆಯುತ್ತಾರೆ. ಎಂಟು ವಾರ ಆದ ಮೇಲೂ ತಾವಾಗಿಯೇ ಮುಂದುವರಿಸುವವರನ್ನು ನೋಡಿದ್ದೇನೆ. ಅದು ಬೇಡ. "ದೊಡ್ಡ ಗುಳಿಗೆಯ ಬದಲು ದಿನದ ಸಣ್ಣ ಮಾತ್ರೆ ಆಗುತ್ತಾ?" ಎಂದು ಕೇಳುವುದರಲ್ಲಿ ತಪ್ಪಿಲ್ಲ. ದಿನವೂ ಸ್ವಲ್ಪ ಸ್ವಲ್ಪ ಹೋದರೆ ರಕ್ತದಲ್ಲಿ ಏರಿಳಿತ ಕಡಿಮೆ. ಮೂರು ಲಕ್ಷ, ಆರು ಲಕ್ಷ ಯೂನಿಟ್ಟಿನ ಇಂಜೆಕ್ಷನ್ ಹೇಳಿದರೆ ಯಾಕೆ ಎಂದು ಕೇಳಿ, ಬೇಕಾದರೆ ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಪಡೆಯಿರಿ. ಕಿಡ್ನಿಯಲ್ಲಿ ಕಲ್ಲು ಆಗಿದ್ದರೆ ಮೊದಲೇ ಹೇಳಿ.

ಡಿ ಮಾತ್ರೆಯನ್ನು ಊಟದ ಜೊತೆ ನುಂಗಿ, ಊಟದಲ್ಲಿ ಸ್ವಲ್ಪ ಜಿಡ್ಡಿರಲಿ. ಒಂದು ಚಮಚ ತುಪ್ಪ ಸಾಕು. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆ ಒಟ್ಟಿಗೆ ಬೇಡ, ಎರಡು ಗಂಟೆಯಾದರೂ ಅಂತರ ಇರಲಿ. ತಂಗಿ ಬೆಳಗಿನ ತಿಂಡಿಗೆ ಮತ್ತು ರಾತ್ರಿ ಊಟಕ್ಕೆ ಕ್ಯಾಲ್ಸಿಯಂ, ಮಧ್ಯಾಹ್ನ ಕಬ್ಬಿಣ ಎಂದು ಮಾಡಿಕೊಂಡಳು.

ಮೀನೆಣ್ಣೆ ಎಂದು ಕಾಡ್ ಲಿವರ್ ಆಯಿಲ್ ಕೊಡಬೇಡಿ. ಅದರಲ್ಲಿ ವಿಟಮಿನ್ ಎ ಜಾಸ್ತಿ. ಬಸಿರಿನಲ್ಲಿ ಅದು ಮಗುವಿಗೆ ಒಳ್ಳೆಯದಲ್ಲ.

ಹೆಜ್ಜೆ 5: ಬಿಸಿಲು, ಆದರೆ ಯಾವ ಬಿಸಿಲು?

ಎಳೆ ಬಿಸಿಲಿಗೆ ಕೂರು ಎಂದು ಅಜ್ಜಿಯರು ಹೇಳುತ್ತಾರೆ. ಮನಸ್ಸಿಗೆ ಹಿತ, ನಡಿಗೆಗೂ ಒಳ್ಳೆಯದು. ಡಿ ಮಾತ್ರ ಅದರಲ್ಲಿ ಬಹಳ ಕಡಿಮೆ. ಚರ್ಮದಲ್ಲಿ ಡಿ ಮಾಡುವ ಕಿರಣ ಸೂರ್ಯ ನೆತ್ತಿಯ ಹತ್ತಿರ ಬಂದಾಗಲೇ ಸರಿಯಾಗಿ ಕೆಳಗೆ ಇಳಿಯುವುದು. ಬೆಂಗಳೂರಿನ ಅಕ್ಷಾಂಶಕ್ಕೆ ಹತ್ತಿರವೇ ಇರುವ ತಿರುಪತಿಯಲ್ಲಿ ಅಳೆದು ನೋಡಿದಾಗ ಬೆಳಿಗ್ಗೆ 11ರಿಂದ ಮಧ್ಯಾಹ್ನ 2ರ ಒಳಗೆ ಹೆಚ್ಚು ಡಿ ತಯಾರಾಗುತ್ತಿತ್ತು. ಗಡಿಯಾರ ಬೇಡ ಎಂದರೆ ನೆರಳು ನೋಡಿ. ನಿಮ್ಮ ನೆರಳು ನಿಮಗಿಂತ ಗಿಡ್ಡ ಇದ್ದರೆ ಆ ಬಿಸಿಲಿನಲ್ಲಿ ಡಿ ಇದೆ.

ಆದರೆ ಬಸುರಿಯನ್ನು ರಾಯಚೂರು, ಕಲಬುರಗಿಯ ಏಪ್ರಿಲ್ ಮಧ್ಯಾಹ್ನಕ್ಕೆ ನಿಲ್ಲಿಸಲು ಆಗುತ್ತದೆಯೇ? ಬೇಡವೇ ಬೇಡ. ಮೈ ವಿಪರೀತ ಕಾಯುವುದು, ನೀರು ಕಡಿಮೆಯಾಗುವುದು ಬಸಿರಿಗೆ ಒಳ್ಳೆಯದಲ್ಲ. ಬೇಸಿಗೆಯಲ್ಲಿ ಮಾತ್ರೆಯನ್ನೇ ನಂಬಿ. ಉಳಿದ ಕಾಲದಲ್ಲಿ ನೀರು ಕುಡಿದು, ಮುಖಕ್ಕೆ ನೆರಳು ಮಾಡಿಕೊಂಡು, ಕೈ ಕಾಲಿಗೆ ಬಿಸಿಲು ಬೀಳುವಂತೆ ಹತ್ತು ಹದಿನೈದು ನಿಮಿಷ ಸಾಕು. ಮುಖಕ್ಕೆ ಬಿಸಿಲು ಬಿದ್ದರೆ ಬಸಿರಿನ ಬಂಗು ಇನ್ನೂ ಕಪ್ಪಾಗುತ್ತದೆ. ತಲೆ ಸುತ್ತಿದರೆ ತಕ್ಷಣ ಒಳಗೆ ಬನ್ನಿ. ಗಾಜಿನ ಕಿಟಕಿಯ ಹಿಂದೆ ಕೂತರೆ ಪ್ರಯೋಜನ ಇಲ್ಲ, ಗಾಜು ಆ ಕಿರಣವನ್ನು ತಡೆಯುತ್ತದೆ. ಫ್ಲಾಟಿನಲ್ಲಿರುವವರಿಗೆ ತಾರಸಿಯೇ ಗತಿ.

ಹೆಜ್ಜೆ 6: ಊಟ

ಊಟದಿಂದ ಮಾತ್ರ ಕೊರತೆ ತುಂಬುವುದಿಲ್ಲ. ಕರಾವಳಿಯವರಿಗೆ ಬೂತಾಯಿ, ಬಂಗುಡೆ ಒಳ್ಳೆಯ ಮೂಲ. ಮೊಟ್ಟೆಯಲ್ಲಿ ಹಳದಿ ಭಾಗದಲ್ಲಿದೆ, ಅದನ್ನು ಬಿಸಾಡಬೇಡಿ. ಅಂಗನವಾಡಿಯ ಮಾತೃಪೂರ್ಣ ಊಟದಲ್ಲಿ ಹಾಲು ಮೊಟ್ಟೆ ಇರುತ್ತದೆ, ಸಂಕೋಚ ಪಡದೆ ಹೋಗಿ. ಹಾಲಿನ ಪ್ಯಾಕೆಟ್, ಎಣ್ಣೆಯ ಪ್ಯಾಕೆಟ್ ಮೇಲೆ ನೀಲಿ ಬಣ್ಣದ ಎಫ್ ಅಕ್ಷರ ಮತ್ತು ಕೂಡಿಸುವ ಗುರುತು ಇದ್ದರೆ ಅದಕ್ಕೆ ವಿಟಮಿನ್ ಸೇರಿಸಿದ್ದಾರೆ ಎಂದರ್ಥ. ಆದರೂ ಒಂದು ಲೋಟದಲ್ಲಿ ಸಿಗುವುದು 50 ಯೂನಿಟ್ ಆಸುಪಾಸು ಅಷ್ಟೇ. ರಾಗಿ ಕ್ಯಾಲ್ಸಿಯಂನ ಗಣಿ. ಅದರಲ್ಲಿ ಡಿ ಇಲ್ಲ. ಆದರೆ ರಾಗಿಯ ಕ್ಯಾಲ್ಸಿಯಂ ಮೈಗೆ ಹತ್ತಲು ಡಿ ಬೇಕು.

ಹೆಜ್ಜೆ 7: ಮತ್ತೆ ಯಾವಾಗ ನೋಡಬೇಕು?

ಎರಡು ವಾರಕ್ಕೇ ಮತ್ತೆ ಟೆಸ್ಟ್ ಮಾಡಿಸಿದರೆ ದುಡ್ಡು ದಂಡ. ಮಟ್ಟ ಏರಿ ನೆಲೆ ನಿಲ್ಲಲು ಎರಡು ಮೂರು ತಿಂಗಳು ಬೇಕು. ಅದೇ ಲ್ಯಾಬಿಗೆ ಹೋಗಿ, ಲ್ಯಾಬ್ ಬದಲಾದರೆ ಅಂಕಿಯೂ ಬದಲಾಗುತ್ತದೆ. ತಂಗಿಗೆ ಏಳೂವರೆ ತಿಂಗಳಿಗೆ 33 ಬಂತು. ಡಾಕ್ಟರ್ ದೊಡ್ಡ ಗುಳಿಗೆ ನಿಲ್ಲಿಸಿ ದಿನದ ಮಾತ್ರೆ ಮಾತ್ರ ಉಳಿಸಿದರು.

ಹೆಜ್ಜೆ 8: ಬೇಗ ಹೆರಿಗೆ ತಡೆಯಲು ಇದಕ್ಕಿಂತ ಮುಖ್ಯವಾದವು

ಇದನ್ನು ಹೇಳದೆ ಬಿಟ್ಟರೆ ಇಷ್ಟು ಬರೆದದ್ದು ವ್ಯರ್ಥ. ಡಿ ಬಗ್ಗೆ ತಲೆ ಕೆಡಿಸಿಕೊಂಡು ಉಳಿದದ್ದನ್ನು ಮರೆಯುವುದು ಸುಲಭ. ನಾವೂ ಒಂದು ತಿಂಗಳು ಹಾಗೇ ಮಾಡಿದೆವು.

ಮೊದಲು ಒಂದು ಸಲ ಬೇಗ ಹೆರಿಗೆಯಾಗಿದ್ದರೆ ಮೊದಲ ಭೇಟಿಯಲ್ಲೇ ಹೇಳಿ, ತಾಯಿ ಕಾರ್ಡಿನಲ್ಲಿ ಬರೆಸಿ. ಮತ್ತೆ ಹಾಗಾಗುವ ಸಾಧ್ಯತೆ ಹೇಳುವ ಗುರುತುಗಳಲ್ಲಿ ಇದೇ ದೊಡ್ಡದು. ಇಂಥವರಿಗೆ ಐದನೇ ತಿಂಗಳ ಆಸುಪಾಸಿನಲ್ಲಿ ಗರ್ಭಕೋಶದ ಬಾಯಿಯ ಉದ್ದ ನೋಡುವ ಒಳಗಿನ ಸ್ಕ್ಯಾನ್ ಮಾಡುತ್ತಾರೆ. 25 ಮಿಲಿಮೀಟರಿಗಿಂತ ಗಿಡ್ಡ ಇದ್ದರೆ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನ್ ಔಷಧ ಅಥವಾ ಆ ಬಾಯಿಗೆ ಹೊಲಿಗೆ ಬೇಕೇ ಎಂದು ಡಾಕ್ಟರ್ ನೋಡುತ್ತಾರೆ. ಅವಧಿಪೂರ್ವ ಹೆರಿಗೆ ತಡೆಯಲು ಇವುಗಳಿಗೆ ಡಿಗಿಂತ ಗಟ್ಟಿ ಆಧಾರ ಇದೆ.

ಉರಿಮೂತ್ರ ಇದ್ದರೆ ನೀರು ಮಜ್ಜಿಗೆ ಕುಡಿದು ಸುಮ್ಮನಿರಬೇಡಿ, ಮೂತ್ರ ಪರೀಕ್ಷೆ ಮಾಡಿಸಿ. ವಾಸನೆಯ ಬಿಳಿ ಸೆರಗು, ವಸಡಿನಲ್ಲಿ ರಕ್ತ ಇದ್ದರೂ ತೋರಿಸಿ. ಬಿಪಿ ಪ್ರತಿ ಸಲವೂ ನೋಡಿಸಿ. ಕಬ್ಬಿಣದ ಮಾತ್ರೆ ಬಿಡಬೇಡಿ. ಮನೆಯಲ್ಲಿ ಬೀಡಿ ಸಿಗರೇಟು ಸೇದುವವರು ಹೊರಗೆ ಹೋಗಲಿ. ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸ ಇದ್ದರೆ ಬಿಡಿ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪುಕ್ಕಟೆ ತಪಾಸಣೆ ಇರುತ್ತದೆ.

ಹೆಜ್ಜೆ 9: ಯಾವಾಗ ಓಡಬೇಕು

37 ವಾರದ ಒಳಗೆ ಹೊಟ್ಟೆ ಬಿಟ್ಟು ಬಿಟ್ಟು ಕಲ್ಲಿನ ಹಾಗೆ ಗಟ್ಟಿಯಾಗುವುದು, ಬಿಡದ ಸೊಂಟನೋವು, ಕೆಳಗೆ ಒತ್ತಿದ ಹಾಗಾಗುವುದು, ನೀರು ಸೋರುವುದು, ರಕ್ತ ಕಾಣುವುದು, ಮಗುವಿನ ಓಡಾಟ ಕಡಿಮೆಯಾಗುವುದು. ಇದರಲ್ಲಿ ಒಂದಿದ್ದರೂ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ. 24ರಿಂದ 34 ವಾರದ ನಡುವೆ ಹೆರಿಗೆಯ ಸೂಚನೆ ಇದ್ದರೆ ತಾಯಿಗೆ ಡೆಕ್ಸಾಮೆಥಸೋನ್‌ನಂಥ ಸ್ಟೆರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಅದು ಮಗುವಿನ ಶ್ವಾಸಕೋಶವನ್ನು ಉಸಿರಾಟಕ್ಕೆ ತಯಾರು ಮಾಡುತ್ತದೆ. ಆ ಇಂಜೆಕ್ಷನ್ ಕೆಲಸ ಮಾಡಲು ಹೊತ್ತು ಬೇಕು, ಅದಕ್ಕೇ ಬೇಗ ಹೋಗಬೇಕು. ಎಳೆಮಕ್ಕಳ ಐಸಿಯು ಇರುವ ಆಸ್ಪತ್ರೆ ಯಾವುದು ಎಂದು ಏಳನೇ ತಿಂಗಳಲ್ಲೇ ತಿಳಿದಿಟ್ಟುಕೊಳ್ಳಿ.

ಏಳಕ್ಕೆ ಹುಟ್ಟಿದ್ದು ಉಳಿಯುತ್ತೆ, ಎಂಟಕ್ಕೆ ಹುಟ್ಟಿದ್ದು ಉಳಿಯಲ್ಲ ಎಂದು ಕೆಲವರು ಹೇಳುತ್ತಾರೆ. ಅದು ತಪ್ಪು. ಹೊಟ್ಟೆಯಲ್ಲಿ ಕಳೆದ ಪ್ರತಿ ವಾರವೂ ಮಗುವಿಗೆ ಲಾಭ.

ಹೆರಿಗೆಯಾದ ಮೇಲೆ

ಎದೆಹಾಲಿನಲ್ಲಿ ಡಿ ತೀರ ಕಡಿಮೆ. ಹಾಗೆಂದು ಎದೆಹಾಲು ಬಿಡಿಸಬೇಡಿ, ಅದರ ಜೊತೆ ಮಗುವಿಗೆ ದಿನಕ್ಕೆ 400 ಯೂನಿಟ್ ಡಿ ಹನಿ ಕೊಡಿ. ಬೇಗ ಹುಟ್ಟಿದ ಮಗುವಿಗೆ ಎಷ್ಟು ಎಂದು ಮಕ್ಕಳ ಡಾಕ್ಟರ್ ಹೇಳುತ್ತಾರೆ. ಬಾಟಲಿ ತರುವಾಗ ಒಂದು ಮಿಲಿಲೀಟರಿಗೆ ಎಷ್ಟು ಎಂದು ನೋಡಿ. ಕೆಲವದರಲ್ಲಿ 400, ಕೆಲವದರಲ್ಲಿ 800. ಮೊದಲನೆಯದಾದರೆ ಡ್ರಾಪರಿನಲ್ಲಿ ಒಂದು ಮಿಲಿ, ಎರಡನೆಯದಾದರೆ ಅರ್ಧ.

ತಂಗಿಗೆ 38 ವಾರ ಕಳೆದು ಮೂರನೇ ದಿನ ಹೆರಿಗೆಯಾಯಿತು. ಡಿಯಿಂದಲೋ, ಪ್ರೊಜೆಸ್ಟೆರಾನ್‌ನಿಂದಲೋ, ಸಮಯಕ್ಕೆ ಗುಣವಾದ ಉರಿಮೂತ್ರದಿಂದಲೋ ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹನಿಯ ಬಾಟಲಿ ತಂದಾಗ ಮಾತ್ರ ಅವಳೇ ಕೈಗೆ ತೆಗೆದುಕೊಂಡು, ತಿರುಗಿಸಿ ಅಂಕಿ ಓದಿ, ಮುಚ್ಚಳದ ಮೇಲೆ ಪೆನ್ನಿನಲ್ಲಿ ಬರೆದಳು: ದಿನಕ್ಕೆ ಅರ್ಧ ಮಿಲಿ.